ಕೊಯಮತ್ತೂರಿನ ಮಿಲ್ಲುಗಳೂ ಪಾರ್ವತಿ ಕೃಷ್ಣನ್ ಅವರ ರಾಜಕಾರಣವೂ

ಪಾರ್ವತಿ ಕೃಷ್ಣನ್ (1919–2014) ಕೊಯಮತ್ತೂರು ಕ್ಷೇತ್ರದಿಂದ ಮೂರು ಸಲ ಲೋಕಸಭೆಗೆ ಆಯ್ಕೆಯಾದ ಕಮ್ಯುನಿಸ್ಟ್ ನಾಯಕಿ. ಅದಕ್ಕೂ ಮೊದಲು ಅವರು ಮದ್ರಾಸ್ ರಾಜ್ಯದಿಂದ ರಾಜ್ಯಸಭೆಗೆ ಹೋಗಿದ್ದರು. 1954ರಿಂದ 1957ರವರೆಗೆ ಮೇಲ್ಮನೆ. 1957ರಿಂದ 1962, 1974ರಿಂದ 1977 ಮತ್ತು 1977ರಿಂದ 1980ರವರೆಗೆ ಕೆಳಮನೆ: ಇದಿಷ್ಟು ಅವರ ಸಂಸತ್ತಿನ ಲೆಕ್ಕ. ಅಪ್ಪ ಮದ್ರಾಸ್ ಪ್ರಾಂತ್ಯದ ಮುಖ್ಯಮಂತ್ರಿಯಾಗಿದ್ದವರು, ಒಬ್ಬ ಅಣ್ಣ ಭೂಸೇನೆಯ ಮುಖ್ಯಸ್ಥ, ಇನ್ನೊಬ್ಬ ಅಣ್ಣ ಕೇಂದ್ರ ಸಚಿವ. ಅಂಥ ಮನೆಯಲ್ಲಿ ಹುಟ್ಟಿದ ಪಾರ್ವತಿಯವರು ಒಮ್ಮೆಯೂ ಮಂತ್ರಿಯಾಗಲಿಲ್ಲ. ಅವರ ರಾಜಕಾರಣ ನಿಂತದ್ದು ಕೊಯಮತ್ತೂರಿನ ಮಿಲ್ ಕಾರ್ಮಿಕರ ಸಂಘಟನೆಯ ಮೇಲೆ. ಗೆಲುವು ಸೋಲುಗಳನ್ನು ನಿರ್ಧರಿಸಿದ್ದು ಆ ಸಂಘಟನೆ ಹಾಗೂ ಆಯಾ ಕಾಲದ ಚುನಾವಣಾ ಮೈತ್ರಿಗಳು.

ಮಂಗಳೂರಿನ ತಾಯಿ, ಕೊಂಗುನಾಡಿನ ತಂದೆ

ಪಾರ್ವತಿಯವರ ತಾಯಿಯ ಕಡೆಯ ಬೇರು ಕನ್ನಡ ಕರಾವಳಿಯಲ್ಲಿದೆ. ಅಜ್ಜ ಕುದ್ಮುಲ್ ರಂಗರಾವ್ (1859–1928) ಕಾಸರಗೋಡಿನಲ್ಲಿ ಹುಟ್ಟಿ ಮಂಗಳೂರಿನಲ್ಲಿ ವಕೀಲರಾದವರು. ದಲಿತ ಮಕ್ಕಳಿಗಾಗಿ 1892ರಲ್ಲಿ ಶಾಲೆ ತೆರೆದು, 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸ್ಥಾಪಿಸಿದ ಸಾರಸ್ವತ ಬ್ರಾಹ್ಮಣ ಅವರು. ಸ್ವಜಾತಿಯವರ ಬಹಿಷ್ಕಾರಕ್ಕೆ ಬಗ್ಗದೆ ಬ್ರಹ್ಮಸಮಾಜದ ಹಾದಿ ಹಿಡಿದರು. ಮಂಗಳೂರಿನ ಪುರಭವನ ಇಂದು ಅವರ ಹೆಸರಿನಲ್ಲಿದೆ.

ಅವರ ಮಗಳು ರಾಧಾಬಾಯಿ ವರಿಸಿದ್ದು ತಿರುಚೆಂಗೋಡು ಸಮೀಪದ ಕುಮಾರಮಂಗಲದ ಜಮೀನ್ದಾರ ಪಿ. ಸುಬ್ಬರಾಯನ್ ಅವರನ್ನು. ಕೊಂಕಣಿ ಮಾತಾಡುವ ಸಾರಸ್ವತ ಮನೆಯ ಹುಡುಗಿ, ತಮಿಳು ಮಾತಾಡುವ ಕೊಂಗು ವೇಳಾಳ ಗೌಂಡರ್ ಮನೆಯ ಹುಡುಗ: ನೂರು ವರ್ಷಕ್ಕೂ ಹಿಂದೆ ಜಾತಿ, ಭಾಷೆ ಎರಡನ್ನೂ ದಾಟಿದ ಮದುವೆ ಇದು. ಸುಬ್ಬರಾಯನ್ 1926ರಿಂದ 1930ರವರೆಗೆ ಮದ್ರಾಸ್ ಪ್ರಾಂತ್ಯದ ಮುಖ್ಯಮಂತ್ರಿಯಾಗಿದ್ದರು.

ರಾಧಾಬಾಯಿಯವರದೂ ಸ್ವತಂತ್ರವಾಗಿ ಗಮನಿಸಬೇಕಾದ ರಾಜಕೀಯ ಬದುಕು. 1930ರಲ್ಲಿ ಲಂಡನ್ನಿನಲ್ಲಿ ನಡೆದ ಮೊದಲ ದುಂಡುಮೇಜಿನ ಪರಿಷತ್ತಿಗೆ ಭಾರತದಿಂದ ಹೋದ ಮಹಿಳಾ ಪ್ರತಿನಿಧಿಗಳು ಇಬ್ಬರೇ: ಪಂಜಾಬಿನ ಬೇಗಂ ಜಹನಾರಾ ಶಾಹನವಾಜ್ ಮತ್ತು ರಾಧಾಬಾಯಿ ಸುಬ್ಬರಾಯನ್. ಶಾಸನಸಭೆಗಳಲ್ಲಿ ಕೆಲಕಾಲದ ಮಟ್ಟಿಗಾದರೂ ಹೆಂಗಸರಿಗೆ ಸ್ಥಾನ ಮೀಸಲಿಡಬೇಕು ಎಂಬ ವಾದವನ್ನು ಇಬ್ಬರೂ ಅಲ್ಲಿ ಮಂಡಿಸಿದರು. ದೇಶದ ಪ್ರಮುಖ ಮಹಿಳಾ ಸಂಘಟನೆಗಳು ಆಗ ಇದನ್ನು ಒಪ್ಪಲಿಲ್ಲ. ವಿನಾಯಿತಿ ಬೇಡ, ಸಮಾನ ಮತದಾನದ ಹಕ್ಕು ಸಾಕು ಎಂಬುದು ಅವುಗಳ ನಿಲುವು. ಮತದಾನದ ಹಕ್ಕನ್ನು ಯಾರಿಗೆಲ್ಲ ಕೊಡಬೇಕೆಂದು ಪರಿಶೀಲಿಸಿದ ಲೋಥಿಯನ್ ಸಮಿತಿಯಲ್ಲೂ ರಾಧಾಬಾಯಿ ಸದಸ್ಯರಾಗಿದ್ದರು. 1935ರ ಭಾರತ ಸರ್ಕಾರ ಕಾಯ್ದೆ ಪ್ರಾಂತೀಯ ಶಾಸನಸಭೆಗಳಲ್ಲಿ ಮಹಿಳೆಯರಿಗೆ 41 ಸ್ಥಾನ ಮೀಸಲಿಟ್ಟಿತು. 1938ರಲ್ಲಿ ರಾಧಾಬಾಯಿ ಕೇಂದ್ರದ ಕೌನ್ಸಿಲ್ ಆಫ್ ಸ್ಟೇಟ್‌ಗೆ ಆಯ್ಕೆಯಾದರು. ಆ ಸದನದ ಮೊದಲ ಮಹಿಳಾ ಸದಸ್ಯೆ ಅವರೇ.

ಆ ಕಾಲದಲ್ಲಿ ಮತ ಇದ್ದದ್ದು ಆಸ್ತಿವಂತರಿಗೆ, ತೆರಿಗೆ ಕಟ್ಟುವವರಿಗೆ, ಓದಿದವರಿಗೆ ಮತ್ತು ಅಂಥವರ ಹೆಂಡತಿಯರಿಗೆ. ಹತ್ತೊಂಬತ್ತು ವರ್ಷಗಳ ಬಳಿಕ ಮಗಳು ಲೋಕಸಭೆಗೆ ಹೋಗುವಾಗ ಮತ ಹಾಕಿದವರಲ್ಲಿ ಮಿಲ್ಲಿನ ನೂಲು ವಿಭಾಗದ ಕೂಲಿಯಾಳೂ ಇದ್ದ. ತಾಯಿ ಮಗಳಿಬ್ಬರ ರಾಜಕಾರಣವನ್ನು ಬೇರೆ ಮಾಡಿದ್ದರಲ್ಲಿ ಸಿದ್ಧಾಂತದಷ್ಟೇ ಪಾಲು ವಯಸ್ಕ ಮತದಾನಕ್ಕೂ ಇದೆ.

ಆಕ್ಸ್‌ಫರ್ಡ್ ಮತ್ತು ಪಕ್ಷ

ಪಾರ್ವತಿ ಹುಟ್ಟಿದ್ದು 1919ರ ಮಾರ್ಚ್ 15ರಂದು, ಊಟಿಯಲ್ಲಿ. ನಾಲ್ವರು ಮಕ್ಕಳಲ್ಲಿ ಕೊನೆಯವರು, ಒಬ್ಬಳೇ ಹೆಣ್ಣುಮಗಳು. ಹಿರಿಯ ಅಣ್ಣ ಪಿ.ಪಿ. ಕುಮಾರಮಂಗಲಂ 1966ರಿಂದ 1969ರವರೆಗೆ ಭೂಸೇನಾ ಮುಖ್ಯಸ್ಥರಾದರು. ಗೋಪಾಲ್ ಸಾರ್ವಜನಿಕ ಉದ್ದಿಮೆಗಳ ಆಡಳಿತಕ್ಕೆ ಹೋದರು. ಮೋಹನ್ ಕುಮಾರಮಂಗಲಂ ಕೇಂಬ್ರಿಜ್‌ನಲ್ಲಿ ಕಾನೂನು ಓದಿ, ಅಲ್ಲಿನ ವಿದ್ಯಾರ್ಥಿ ಒಕ್ಕೂಟದ ಅಧ್ಯಕ್ಷರಾಗಿ, ಕಮ್ಯುನಿಸ್ಟರಾಗಿ ಮರಳಿದರು.

ಪಾರ್ವತಿ ಓದಿದ್ದು ಆಕ್ಸ್‌ಫರ್ಡ್‌ನಲ್ಲಿ. 1930ರ ದಶಕದ ಕೊನೆಯ ವರ್ಷಗಳವು: ಸ್ಪೇನಿನಲ್ಲಿ ಅಂತರ್ಯುದ್ಧ, ಜರ್ಮನಿಯಲ್ಲಿ ಹಿಟ್ಲರ್. ಬ್ರಿಟನ್ನಿನಲ್ಲಿದ್ದ ಭಾರತೀಯ ವಿದ್ಯಾರ್ಥಿಗಳಲ್ಲಿ ಒಂದು ದೊಡ್ಡ ಗುಂಪು ಎಡಪಂಥದತ್ತ ವಾಲಿತು. ಜ್ಯೋತಿ ಬಸು, ಭೂಪೇಶ್ ಗುಪ್ತ, ಇಂದ್ರಜಿತ್ ಗುಪ್ತ, ನಿಖಿಲ್ ಚಕ್ರವರ್ತಿ, ರೇಣು ಚಕ್ರವರ್ತಿ ಇವರೆಲ್ಲ ಆ ತಲೆಮಾರಿನವರು. ಇಂದಿರಾ ನೆಹರೂ (ಮುಂದೆ ಇಂದಿರಾ ಗಾಂಧಿ) ಕೂಡ ಅದೇ ಕಾಲದಲ್ಲಿ ಆಕ್ಸ್‌ಫರ್ಡ್‌ನಲ್ಲಿದ್ದರು. ಆದರೆ ಕಮ್ಯುನಿಸ್ಟ್ ಪಕ್ಷ ಸೇರಲಿಲ್ಲ. ಮುಂದೆ ಸಂಸತ್ತಿನಲ್ಲಿ ಎದುರುಬದುರು ಕೂತವರಲ್ಲಿ ಹಲವರು ಓದಿನ ದಿನಗಳಿಂದಲೇ ಪರಸ್ಪರ ಬಲ್ಲವರು.

ಭಾರತಕ್ಕೆ ಮರಳಿದ ಪಾರ್ವತಿ ಪಕ್ಷದ ಪೂರ್ಣಾವಧಿ ಕಾರ್ಯಕರ್ತೆಯಾದರು. 1942ರಲ್ಲಿ ಪಕ್ಷದ ಮೇಲಿನ ನಿಷೇಧ ತೆರವಾಯಿತು. ಪಿ.ಸಿ. ಜೋಶಿ ಪ್ರಧಾನ ಕಾರ್ಯದರ್ಶಿಯಾಗಿದ್ದ ಆ ವರ್ಷಗಳಲ್ಲಿ ಬೊಂಬಾಯಿಯ ಕೇಂದ್ರ ಕಚೇರಿಯೇ ಕಾರ್ಯಕರ್ತರಿಗೆ ಮನೆಯೂ ಆಗಿತ್ತು. 1942ರಲ್ಲೇ ಅವರು ಸಹ ಕಾರ್ಯಕರ್ತ ಎನ್.ಕೆ. ಕೃಷ್ಣನ್ ಅವರನ್ನು ಮದುವೆಯಾದರು. ದಂಪತಿಯ ಕಾರ್ಯಕ್ಷೇತ್ರ ಮುಂದೆ ಕೊಯಮತ್ತೂರಾಯಿತು.

ಮಿಲ್ಲುಗಳ ಊರು

ಪಾರ್ವತಿಯವರ ಚುನಾವಣೆಗಳು ಅರ್ಥವಾಗಬೇಕಾದರೆ ಕೊಯಮತ್ತೂರಿನ ಬೆಳವಣಿಗೆಯನ್ನು ನೋಡಬೇಕು. ಸುತ್ತಲಿನ ಕಪ್ಪುಮಣ್ಣಿನಲ್ಲಿ ಹತ್ತಿ ಬೆಳೆಯುತ್ತಿತ್ತು. 1888ರಲ್ಲಿ ರಾಬರ್ಟ್ ಸ್ಟೇನ್ಸ್ ಇಲ್ಲಿ ಮೊದಲ ನೂಲಿನ ಮಿಲ್ ಕಟ್ಟಿದರು. 1910ರ ಹೊತ್ತಿಗೆ ಸ್ಥಳೀಯ ನಾಯ್ಡು ಕುಟುಂಬಗಳು ಉದ್ಯಮಕ್ಕಿಳಿದವು. ನೀಲಗಿರಿಯ ಪೈಕಾರಾದಿಂದ 1930ರ ದಶಕದ ಆರಂಭದಲ್ಲಿ ಜಲವಿದ್ಯುತ್ ಬಂದದ್ದೇ ತಡ, ಮಿಲ್ಲುಗಳ ಸಂಖ್ಯೆ ಒಮ್ಮೆಲೇ ಏರಿತು. ಬೊಂಬಾಯಿಯಲ್ಲಿ ಕಾರ್ಮಿಕರು ದೂರದ ಜಿಲ್ಲೆಗಳಿಂದ ಬಂದು ಚಾಳುಗಳಲ್ಲಿ ನೆಲೆಸಿದರೆ, ಇಲ್ಲಿನವರು ಬಹುಪಾಲು ಸುತ್ತಲ ಹಳ್ಳಿಗಳವರು. ಶಿಫ್ಟ್ ಮುಗಿಸಿ ತಮ್ಮ ಊರಿಗೇ ಹೋಗುವವರು. ಹೀಗಾಗಿ ಕಾರ್ಮಿಕ ಸಂಘದ ಪ್ರಭಾವ ಮಿಲ್ಲಿನ ಗೇಟಿಗೆ ನಿಲ್ಲದೆ ಹಳ್ಳಿಗಳಿಗೂ ಹಬ್ಬಿತು. ಮತಪೆಟ್ಟಿಗೆಯ ದೃಷ್ಟಿಯಿಂದ ಇದು ಮುಖ್ಯ ಸಂಗತಿ.

ನೇಯ್ಗೆಯ ಕಸುಬಿನ ಕನ್ನಡಿಗರೂ ಈ ಸೀಮೆಯಲ್ಲಿ ತಲೆಮಾರುಗಳಿಂದ ಇದ್ದಾರೆ. ಕೊಯಮತ್ತೂರಿನ ದೇವಾಂಗರಲ್ಲಿ ಮನೆಮಾತು ಕನ್ನಡವಾಗಿರುವ ಕುಟುಂಬಗಳು ಬಹಳ. ತೆಲುಗು, ಮಲಯಾಳ ಮಾತಾಡುವವರೂ ಸೇರಿ, ಮಿಲ್ಲುಗಳ ಊರು ಮೊದಲಿನಿಂದಲೂ ಹಲವು ಭಾಷೆಗಳದು.

ಕಾರ್ಮಿಕ ಚಳವಳಿಯ ಇತಿಹಾಸ ಇಲ್ಲಿ ಮೃದುವಾದದ್ದಲ್ಲ. 1946ರ ಜನವರಿ 8ರಂದು ರಂಗವಿಲಾಸ್ ಮಿಲ್ಲಿನ ನಾಲ್ವರು ಕಮ್ಯುನಿಸ್ಟ್ ಕಾರ್ಮಿಕರನ್ನು ಕೊಯಮತ್ತೂರು ಜೈಲಿನಲ್ಲಿ ಗಲ್ಲಿಗೇರಿಸಲಾಯಿತು: ರಾಮಯ್ಯನ್, ರಂಗಣ್ಣನ್, ವೆಂಕಟಾಚಲಂ, ಚಿನ್ನಯ್ಯನ್. ಚಿನ್ನಿಯಂಪಾಳಯಂ ಹುತಾತ್ಮರೆಂದು ಈಗಲೂ ಅಲ್ಲಿ ಪ್ರತಿವರ್ಷ ಅವರ ನೆನಪು ನಡೆಯುತ್ತದೆ. ಅದೇ ವರ್ಷ ಸ್ಟೇನ್ಸ್ ಮಿಲ್ಲಿನಲ್ಲಿ ಪೊಲೀಸರ ಗುಂಡಿಗೆ ಕಾರ್ಮಿಕರು ಬಲಿಯಾದರು. 1948ರ ನಂತರ ಪಕ್ಷ ಸಶಸ್ತ್ರ ಹೋರಾಟದ ದಾರಿ ಹಿಡಿದಾಗ ಮದ್ರಾಸ್ ಸರ್ಕಾರ ಅದನ್ನು ನಿಷೇಧಿಸಿತು. ನಾಯಕರು ಜೈಲು ಸೇರಿದರು ಇಲ್ಲವೇ ಭೂಗತರಾದರು. ಆ ದಾರಿ ಬಿಟ್ಟು ಚುನಾವಣೆಗೆ ಮರಳಿದ ಪಕ್ಷ 1952ರಲ್ಲಿ ಮದ್ರಾಸ್ ವಿಧಾನಸಭೆಯಲ್ಲಿ 62 ಸ್ಥಾನ ಗೆದ್ದಿತು. ಗೆದ್ದ ಶಾಸಕರಲ್ಲಿ ಬಹುಮಂದಿ ಆಂಧ್ರದ ಜಿಲ್ಲೆಗಳವರು.

ಮೇಲ್ಮನೆಯಲ್ಲಿ ಮೂರು ವರ್ಷ

ರಾಜ್ಯಸಭೆಗೆ ಆರಿಸುವವರು ಶಾಸಕರು. 1953ರಲ್ಲಿ ಆಂಧ್ರ ಬೇರೆಯಾದ ಮೇಲೂ ಮದ್ರಾಸಿನಲ್ಲಿ ಉಳಿದಿದ್ದ ವಿರೋಧ ಪಕ್ಷದ ಬಲದಿಂದ ಪಾರ್ವತಿ 1954ರ ಏಪ್ರಿಲ್‌ನಲ್ಲಿ ಮೇಲ್ಮನೆ ತಲುಪಿದರು. ಆಗ ಅವರಿಗೆ 35 ವರ್ಷ. ತಂದೆ ಸುಬ್ಬರಾಯನ್ ಅವರೂ ಅದೇ ವರ್ಷ ಕಾಂಗ್ರೆಸ್ಸಿನಿಂದ ಅದೇ ಸದನಕ್ಕೆ ಬಂದರು.

ಮಹಿಳೆಯರ ಕಾನೂನು ಸ್ಥಾನಮಾನವನ್ನು ಬದಲಿಸಿದ ಮಸೂದೆಗಳೆಲ್ಲ ಸಂಸತ್ತಿನ ಮುಂದೆ ಬಂದದ್ದು ಆ ಮೂರು ವರ್ಷಗಳಲ್ಲೇ: 1954ರ ವಿಶೇಷ ವಿವಾಹ ಕಾಯ್ದೆ, 1955ರ ಹಿಂದೂ ವಿವಾಹ ಕಾಯ್ದೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ. ಅಂಬೇಡ್ಕರ್ ಮಂಡಿಸಿದ್ದ ಹಿಂದೂ ಸಂಹಿತೆ ಒಂದೇ ಗಂಟಾಗಿ ಅಂಗೀಕಾರವಾಗದೆ ಹೋದ ಮೇಲೆ ನೆಹರೂ ಸರ್ಕಾರ ಅದನ್ನು ಬಿಡಿಬಿಡಿಯಾಗಿ ತಂದಿತು. ಕಾಂಗ್ರೆಸ್ಸಿನೊಳಗಿನ ಸಂಪ್ರದಾಯಸ್ಥರು ಹಿಂದೇಟು ಹಾಕುತ್ತಿದ್ದ ಈ ವಿಷಯದಲ್ಲಿ ಕಮ್ಯುನಿಸ್ಟರು ಮಸೂದೆಗಳ ಪರ ನಿಂತರು.

1957: ಎರಡು ಮಿಲ್ ನಗರಗಳು

1957ರ ಮಹಾಚುನಾವಣೆಯಲ್ಲಿ ಪಾರ್ವತಿ ಕೊಯಮತ್ತೂರಿನಿಂದ ಲೋಕಸಭೆಗೆ ನಿಂತು ಗೆದ್ದರು. ಈ ಗೆಲುವಿನ ಸ್ವರೂಪ ಗಮನಾರ್ಹ. ರಾಜ್ಯ ವಿಧಾನಸಭೆಯ 205 ಸ್ಥಾನಗಳಲ್ಲಿ ಆ ಸಲ ಕಮ್ಯುನಿಸ್ಟರಿಗೆ ಸಿಕ್ಕದ್ದು ಬರೀ 4. ಆದರೂ ಲೋಕಸಭೆಯ ಎರಡು ಕ್ಷೇತ್ರಗಳು ಅವರ ಕೈಗೆ ಬಂದವು: ಕೊಯಮತ್ತೂರಿನಲ್ಲಿ ಪಾರ್ವತಿ, ಮದುರೈಯಲ್ಲಿ ಕೆ.ಟಿ.ಕೆ. ತಂಗಮಣಿ. ಎರಡೂ ಬಟ್ಟೆ ಮಿಲ್ಲುಗಳ ನಗರಗಳು. ಪಕ್ಷಕ್ಕೆ ರಾಜ್ಯದ ತುಂಬ ಹರಡಿದ ಬೆಂಬಲ ಇರಲಿಲ್ಲ; ಕಾರ್ಮಿಕ ಸಂಘ ಗಟ್ಟಿಯಾಗಿದ್ದ ಕಡೆ ಮಾತ್ರ ಇತ್ತು. ಆ ಲೋಕಸಭೆಗೆ ಸಾರ್ವತ್ರಿಕ ಚುನಾವಣೆಯಲ್ಲಿ ಗೆದ್ದು ಬಂದ ಮಹಿಳೆಯರು 22 ಮಂದಿ.

ತಂದೆ ಈ ಸಲವೂ ಅದೇ ಸದನದಲ್ಲಿದ್ದರು. ತಿರುಚೆಂಗೋಡಿನಿಂದ ಗೆದ್ದ ಸುಬ್ಬರಾಯನ್ 1959ರಲ್ಲಿ ನೆಹರೂ ಸಂಪುಟದಲ್ಲಿ ಸಾರಿಗೆ ಮತ್ತು ಸಂಪರ್ಕ ಸಚಿವರಾದರು. ಮರುವರ್ಷದ ಜುಲೈನಲ್ಲಿ ತುಟ್ಟಿಭತ್ಯೆ ಮತ್ತು ಕನಿಷ್ಠ ವೇತನಕ್ಕಾಗಿ ಕೇಂದ್ರ ಸರ್ಕಾರಿ ನೌಕರರು ಐದು ದಿನ ಮುಷ್ಕರ ಹೂಡಿದರು. ಅಂಚೆ ತಂತಿ ನೌಕರರು ಅದರ ಮುಂಚೂಣಿಯಲ್ಲಿದ್ದರು. ಆ ಇಲಾಖೆ ಸುಬ್ಬರಾಯನ್ ಅವರ ಕೈಯಲ್ಲಿತ್ತು. ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿ ಮುಷ್ಕರವನ್ನು ಕಾನೂನುಬಾಹಿರಗೊಳಿಸಿತು. ಮುಷ್ಕರದ ಪರ ನಿಂತ ಪಕ್ಷದ ಬೆಂಚಿನಲ್ಲಿ ಸಚಿವರ ಮಗಳು ಕೂತಿದ್ದರು. ಭಾರತದ ಸಂಸತ್ತಿನಲ್ಲಿ ರಾಜಕೀಯ ಮನೆತನಗಳಿಗೆ ಬರವಿಲ್ಲ. ತಂದೆ ಆಡಳಿತ ಪಕ್ಷದಲ್ಲಿ, ಮಗಳು ಕಾರ್ಮಿಕ ಸಂಘದ ಪಕ್ಷದಲ್ಲಿ ಇದ್ದ ಇಂಥ ನಿದರ್ಶನ ಅಪರೂಪ.

ಕಾರ್ಮಿಕರಿಗೆ ಸಂಬಂಧಿಸಿದ ಕೆಲವು ದೊಡ್ಡ ನಿರ್ಧಾರಗಳೂ ಈ ಅವಧಿಯವು. ಹತ್ತಿಬಟ್ಟೆ ಉದ್ಯಮಕ್ಕೆ ಕೇಂದ್ರ ವೇತನ ಮಂಡಳಿ ರಚನೆಯಾದದ್ದು 1957ರಲ್ಲಿ. ಮಿಲ್ಲಿಗೊಂದು, ಊರಿಗೊಂದು ಎಂಬಂತಿದ್ದ ಕೂಲಿಯನ್ನು ಒಂದು ಅಳತೆಗೆ ತರುವ ಪ್ರಯತ್ನ ಅದು. 1961ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆ ಬಂತು. ಅದೇ ವರ್ಷದ ವರದಕ್ಷಿಣೆ ನಿಷೇಧ ಮಸೂದೆಯ ಮೇಲೆ ಉಭಯ ಸದನಗಳು ಒಮ್ಮತಕ್ಕೆ ಬಾರದೆ, ಮೇ ತಿಂಗಳಲ್ಲಿ ಸಂಸತ್ತಿನ ಇತಿಹಾಸದ ಮೊದಲ ಜಂಟಿ ಅಧಿವೇಶನ ನಡೆಯಿತು.

1962ರಲ್ಲಿ ಕೊಯಮತ್ತೂರು ಕಾಂಗ್ರೆಸ್ಸಿನ ಪಿ.ಆರ್. ರಾಮಕೃಷ್ಣನ್ ಅವರ ಪಾಲಾಯಿತು.

ಒಡೆದ ಪಕ್ಷ, ಒಂದು ವಿಮಾನ ದುರಂತ

1964ರಲ್ಲಿ ಕಮ್ಯುನಿಸ್ಟ್ ಪಕ್ಷ ಸಿಪಿಐ, ಸಿಪಿಎಂ ಎಂದು ಎರಡಾಯಿತು. ಪಾರ್ವತಿ, ಕೃಷ್ಣನ್ ಇಬ್ಬರೂ ಸಿಪಿಐನಲ್ಲೇ ಉಳಿದರು. ಅಣ್ಣ ಮೋಹನ್ ಕೆಲವೇ ವರ್ಷಗಳಲ್ಲಿ ಪಕ್ಷ ತೊರೆದು ಕಾಂಗ್ರೆಸ್ ಸೇರಿದರು. ಎಡಪಂಥೀಯ ನೀತಿಗಳನ್ನು ಕಾಂಗ್ರೆಸ್ಸಿನ ಒಳಗಿದ್ದುಕೊಂಡೇ ಮುಂದಕ್ಕೆ ಒಯ್ಯಬಹುದು ಎಂಬುದು ಅವರ ಲೆಕ್ಕಾಚಾರ. 1971ರಲ್ಲಿ ಪುದುಚೇರಿಯಿಂದ ಗೆದ್ದು ಇಂದಿರಾ ಗಾಂಧಿ ಸಂಪುಟದಲ್ಲಿ ಉಕ್ಕು ಮತ್ತು ಗಣಿ ಸಚಿವರಾದರು. ಕಲ್ಲಿದ್ದಲು ರಾಷ್ಟ್ರೀಕರಣದ ಮುಖ್ಯ ರೂವಾರಿ ಅವರೇ. ತಂಗಿ ಕಾರ್ಮಿಕ ಸಂಘಟನೆ ಎಐಟಿಯುಸಿಯಲ್ಲಿ ಮುಂದುವರಿದರು.

ಕೊಯಮತ್ತೂರು ಕ್ಷೇತ್ರ 1967ರಲ್ಲಿ ಸಿಪಿಎಂನ ಕೆ. ರಮಣಿ ಅವರಿಗೆ, 1971ರಲ್ಲಿ ಸಿಪಿಐನ ಕೆ. ಬಾಲದಂಡಾಯುಧಂ ಅವರಿಗೆ ಒಲಿದಿತ್ತು. 1973ರ ಮೇ 31ರಂದು ಇಂಡಿಯನ್ ಏರ್‌ಲೈನ್ಸ್ ವಿಮಾನವೊಂದು ದೆಹಲಿಯ ಪಾಲಂ ಬಳಿ ಇಳಿಯುವಾಗ ನೆಲಕ್ಕಪ್ಪಳಿಸಿತು. ಒಳಗಿದ್ದ 65 ಮಂದಿಯಲ್ಲಿ 48 ಮಂದಿ ಸತ್ತರು. ಸತ್ತವರಲ್ಲಿ ಮೋಹನ್ ಕುಮಾರಮಂಗಲಂ ಇದ್ದರು. ಕೊಯಮತ್ತೂರಿನ ಸಂಸದ ಬಾಲದಂಡಾಯುಧಂ ಅವರೂ ಇದ್ದರು. ಹೀಗೆ ತೆರವಾದ ಸ್ಥಾನಕ್ಕೆ 1974ರಲ್ಲಿ ನಡೆದ ಉಪಚುನಾವಣೆಯಲ್ಲಿ ಪಾರ್ವತಿ ಸಿಪಿಐ ಅಭ್ಯರ್ಥಿಯಾಗಿ ಗೆದ್ದು, ಹನ್ನೆರಡು ವರ್ಷಗಳ ಬಳಿಕ ಲೋಕಸಭೆಗೆ ಮರಳಿದರು. 1972ರಲ್ಲಿ ಡಿಎಂಕೆಯಿಂದ ಹೊರಬಿದ್ದು ಎಂ.ಜಿ. ರಾಮಚಂದ್ರನ್ ಕಟ್ಟಿದ ಅಣ್ಣಾ ಡಿಎಂಕೆಯ ಜೊತೆ ಸಿಪಿಐ ಆಗ ಕೈಜೋಡಿಸಿತ್ತು.

ರಾಷ್ಟ್ರೀಕರಣ, ಮುಷ್ಕರ, ತುರ್ತು ಪರಿಸ್ಥಿತಿ

ಪಾರ್ವತಿ ಮರಳಿದಾಗ ಸಿಪಿಐ ಇಕ್ಕಟ್ಟಿನಲ್ಲಿತ್ತು. ಬ್ಯಾಂಕ್, ಕಲ್ಲಿದ್ದಲುಗಳ ರಾಷ್ಟ್ರೀಕರಣದಲ್ಲಿ, ಸೋವಿಯತ್ ಸ್ನೇಹದಲ್ಲಿ ಅದಕ್ಕೂ ಇಂದಿರಾ ಸರ್ಕಾರಕ್ಕೂ ಹೊಂದಾಣಿಕೆ. ಕಾರ್ಮಿಕರ ವಿಷಯಕ್ಕೆ ಬಂದರೆ ಅದೇ ಸರ್ಕಾರದೊಂದಿಗೆ ಸಂಘರ್ಷ. 1974ರ ಮೇ ತಿಂಗಳ ರೈಲ್ವೆ ಮುಷ್ಕರದಲ್ಲಿ ಜಾರ್ಜ್ ಫರ್ನಾಂಡಿಸ್ ಮುಂದಾಳತ್ವದ ಸಮನ್ವಯ ಸಮಿತಿಯ ಜೊತೆ ಎಐಟಿಯುಸಿಯೂ ಇತ್ತು. ಇಪ್ಪತ್ತು ದಿನಗಳ ಆ ಮುಷ್ಕರವನ್ನು ಸರ್ಕಾರ ಸಾಮೂಹಿಕ ಬಂಧನಗಳಿಂದ ಮುರಿಯಿತು.

ಕೊಯಮತ್ತೂರಿಗೆ ಹೆಚ್ಚು ನೇರವಾಗಿ ತಟ್ಟಿದ್ದು 1974ರ ರೋಗಗ್ರಸ್ತ ಬಟ್ಟೆ ಮಿಲ್ಲುಗಳ ರಾಷ್ಟ್ರೀಕರಣ ಕಾಯ್ದೆ. ದೇಶದ 103 ಮಿಲ್ಲುಗಳು ಅದರಡಿ ಸರ್ಕಾರದ ವಶಕ್ಕೆ ಬಂದವು. ಕಾಂಬೋಡಿಯಾ, ಮುರುಗನ್, ಪಂಕಜಾ ಸೇರಿ ಕೊಯಮತ್ತೂರಿನ ಹಲವು ಮಿಲ್ಲುಗಳೂ ಅವುಗಳಲ್ಲಿದ್ದವು. ಬಾಗಿಲು ಹಾಕುವ ಸ್ಥಿತಿಯಲ್ಲಿದ್ದ ಮಿಲ್ಲುಗಳ ಕಾರ್ಮಿಕರ ಕೆಲಸ ಆ ಹೊತ್ತಿಗೆ ಉಳಿಯಿತು. ಹಳೆಯ ಯಂತ್ರಗಳ ಸಮಸ್ಯೆ ಮಾತ್ರ ಮಾಲೀಕರು ಬದಲಾದರೂ ಹಾಗೇ ಉಳಿಯಿತು.

1975ರ ಜೂನ್‌ನಲ್ಲಿ ಘೋಷಣೆಯಾದ ತುರ್ತು ಪರಿಸ್ಥಿತಿಯನ್ನು ಸಿಪಿಐ ಬೆಂಬಲಿಸಿತು. ಪಾರ್ವತಿಯವರ ರಾಜಕೀಯ ಬದುಕಿನ ಅತ್ಯಂತ ಕಠಿಣ ಪ್ರಶ್ನೆ ಏಳುವುದು ಇಲ್ಲೇ: ಮುಷ್ಕರದ ಹಕ್ಕಿನ ಮೇಲೆ ಬೆಳೆದ ಪಕ್ಷ, ಮುಷ್ಕರಗಳನ್ನೇ ಅಡಗಿಸಿದ ಆಡಳಿತದ ಪರ ನಿಂತಿತ್ತು. ಬೋನಸ್ಸಿಗೆ ಕತ್ತರಿ ಬಿದ್ದಾಗ ಕಾರ್ಮಿಕ ಸಂಘಗಳಿಗೆ ಬೀದಿಗಿಳಿಯುವ ದಾರಿ ಇರಲಿಲ್ಲ. ಇನ್ನೊಂದೆಡೆ, ಒಂದೇ ಕೆಲಸಕ್ಕೆ ಗಂಡು ಹೆಣ್ಣೆನ್ನದೆ ಒಂದೇ ಕೂಲಿ ಎಂದು ಸಾರಿದ ಸಮಾನ ವೇತನ ಕಾಯ್ದೆ 1976ರಲ್ಲಿ ಬಂದದ್ದೂ ಇದೇ ಸಂಸತ್ತಿನಿಂದ. 1978ರ ಭಟಿಂಡಾ ಮಹಾಧಿವೇಶನದಲ್ಲಿ ಸಿಪಿಐ ತುರ್ತು ಪರಿಸ್ಥಿತಿಯ ಬೆಂಬಲ ತಪ್ಪಾಗಿತ್ತು ಎಂದು ಒಪ್ಪಿಕೊಂಡಿತು.

1977: ತಿರುಪ್ಪೂರಿನ ಮತ

1977ರ ಮಾರ್ಚ್‌ನಲ್ಲಿ ಉತ್ತರ ಭಾರತ ಕಾಂಗ್ರೆಸ್ಸನ್ನು ಕಿತ್ತೆಸೆದಾಗ ತಮಿಳುನಾಡು ತದ್ವಿರುದ್ಧ ತೀರ್ಪು ಕೊಟ್ಟಿತು. ಅಣ್ಣಾ ಡಿಎಂಕೆ, ಕಾಂಗ್ರೆಸ್, ಸಿಪಿಐ ಕೂಟ 39ರಲ್ಲಿ 34 ಸ್ಥಾನ ಗೆದ್ದಿತು. ಕೊಯಮತ್ತೂರಿನಲ್ಲಿ ಪಾರ್ವತಿ ಮತ್ತೆ ಗೆದ್ದರು. ಸಿಪಿಐ ಇಡೀ ದೇಶದಲ್ಲಿ ಗಳಿಸಿದ್ದು 7 ಸ್ಥಾನ. ಆ ಲೋಕಸಭೆಗೆ ಆಯ್ಕೆಯಾದ ಮಹಿಳೆಯರು 19 ಮಂದಿ. ಇವತ್ತಿನವರೆಗೂ ಅದೇ ಅತಿ ಕಡಿಮೆ.

ಕ್ಷೇತ್ರ ಮರುವಿಂಗಡಣೆಯ ನಂತರ ಕೊಯಮತ್ತೂರು ಲೋಕಸಭಾ ಕ್ಷೇತ್ರದಲ್ಲಿ ನಗರದ ಪೂರ್ವ, ಪಶ್ಚಿಮ ಭಾಗಗಳು, ಸಿಂಗಾನಲ್ಲೂರು, ಪೇರೂರುಗಳ ಜೊತೆಗೆ ಪಲ್ಲಡಂ ಮತ್ತು ತಿರುಪ್ಪೂರು ಇದ್ದವು. ತಿರುಪ್ಪೂರಿನಲ್ಲಿ 1920ರ ದಶಕದಿಂದ ಬನಿಯನ್ ತಯಾರಿಕೆ ಬೆಳೆಯಿತು. ಕೊಯಮತ್ತೂರಿನ ಮಿಲ್ಲಿನಲ್ಲಿ ಸಾವಿರಾರು ಜನ ಒಂದೇ ಕಾಂಪೌಂಡಿನೊಳಗೆ ದುಡಿದರೆ, ತಿರುಪ್ಪೂರಿನಲ್ಲಿ ಹೆಣಿಗೆ ಒಂದು ಕಡೆ, ಬ್ಲೀಚಿಂಗ್ ಇನ್ನೊಂದು ಕಡೆ, ಕತ್ತರಿಸಿ ಹೊಲಿಯುವುದು ಮತ್ತೊಂದು ಕಡೆ. ಎಲ್ಲ ಸಣ್ಣ ಸಣ್ಣ ಘಟಕಗಳು. ಒಂದು ಗೇಟಿನೆದುರು ಸಭೆ ಕರೆದು ಸಂಘ ಕಟ್ಟುವ ಹಳೆಯ ಪದ್ಧತಿ ಇಲ್ಲಿ ಅಷ್ಟಾಗಿ ನಡೆಯದು. ಹಾಗಿದ್ದೂ 1984ರಲ್ಲಿ ಬನಿಯನ್ ಕಾರ್ಮಿಕರು ತುಟ್ಟಿಭತ್ಯೆಗಾಗಿ 127 ದಿನ ಮುಷ್ಕರ ನಡೆಸಿದರು. ರಫ್ತು ಹೆಚ್ಚಿದ ಮೇಲೆ ಹೊಲಿಗೆ ಘಟಕಗಳಿಗೆ ಹೆಂಗಸರು ದೊಡ್ಡ ಸಂಖ್ಯೆಯಲ್ಲಿ ಬಂದರು.

1980ರಲ್ಲಿ ಮೈತ್ರಿಗಳು ತಿರುವುಮುರುವಾದವು. ಕಾಂಗ್ರೆಸ್ ಈಗ ಡಿಎಂಕೆ ಜೊತೆ. ಎಡಪಕ್ಷಗಳು ಅಣ್ಣಾ ಡಿಎಂಕೆ ಜೊತೆ. ಡಿಎಂಕೆ ಕೂಟ 37 ಸ್ಥಾನ ಬಾಚಿತು. ಕೊಯಮತ್ತೂರಿನಲ್ಲಿ ಪಾರ್ವತಿ ಡಿಎಂಕೆಯ ಇರಾ ಮೋಹನ್ ಅವರೆದುರು ಸೋತರು. ಅಲ್ಲಿಗೆ ಅವರ ಸಂಸತ್ತಿನ ಬದುಕು ಮುಗಿಯಿತು. 2014ರ ಫೆಬ್ರುವರಿ 20ರಂದು ಕೊಯಮತ್ತೂರಿನಲ್ಲಿ, 94ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಅಧಿಕಾರವಿಲ್ಲದ ರಾಜಕಾರಣ

ಪಾರ್ವತಿ ಮಂತ್ರಿಯಾಗದ್ದಕ್ಕೆ ಕಾರಣ ಅವರ ವೈಯಕ್ತಿಕ ಸಾಮರ್ಥ್ಯದಲ್ಲಿಲ್ಲ. ಅವರು ಆರಿಸಿಕೊಂಡ ಪಕ್ಷದ ಸ್ಥಿತಿಯಲ್ಲಿದೆ. ಸಿಪಿಐನವರು ಕೇಂದ್ರ ಸಂಪುಟಕ್ಕೆ ಮೊದಲ ಬಾರಿ ಸೇರಿದ್ದು 1996ರಲ್ಲಿ. ಇಂದ್ರಜಿತ್ ಗುಪ್ತ ಗೃಹ ಸಚಿವರಾದಾಗ ಪಾರ್ವತಿ ಸಂಸತ್ತು ಬಿಟ್ಟು ಹದಿನಾರು ವರ್ಷವಾಗಿತ್ತು. ನೆರೆಯ ನೇಪಾಳದ ಸಹನಾ ಪ್ರಧಾನ್ ಅವರೊಡನೆ ಹೋಲಿಸಿದರೆ ಈ ಮಾತು ಸ್ಪಷ್ಟವಾಗುತ್ತದೆ. ಅವರೂ ಕಮ್ಯುನಿಸ್ಟ್, ರಾಣಾ ಆಡಳಿತದ ವಿರುದ್ಧದ ಚಳವಳಿಯಿಂದ ಬಂದವರು, ನೇಪಾಳದ ಕಮ್ಯುನಿಸ್ಟ್ ಪಕ್ಷದ ಸ್ಥಾಪಕ ಪುಷ್ಪಲಾಲ್ ಶ್ರೇಷ್ಠ ಅವರ ಪತ್ನಿ, ತೀರಿಕೊಂಡದ್ದೂ 2014ರಲ್ಲೇ. ಪಂಚಾಯತ್ ವ್ಯವಸ್ಥೆಯಡಿ ದಶಕಗಳ ಕಾಲ ಅಲ್ಲಿ ಪಕ್ಷಗಳಿಗೇ ನಿಷೇಧವಿತ್ತು. ಆದರೆ 1990ರ ಜನಾಂದೋಲನ ಗೆದ್ದ ಕೂಡಲೇ ಎಡರಂಗ ಮಧ್ಯಂತರ ಸರ್ಕಾರ ಸೇರಿ, ಸಹನಾ ಸಚಿವೆಯಾದರು. 2007ರಲ್ಲಿ ವಿದೇಶಾಂಗ ಖಾತೆ ಹೊತ್ತರು. ಭಾರತದಲ್ಲಿ, ತುರ್ತು ಪರಿಸ್ಥಿತಿಯಲ್ಲಿ ಮುಂದಕ್ಕೆ ಹೋದದ್ದು ಬಿಟ್ಟರೆ, ಚುನಾವಣೆ ತಪ್ಪಿದ್ದಿಲ್ಲ; ಆದರೆ ಕಮ್ಯುನಿಸ್ಟರಿಗೆ ಕೇಂದ್ರದಲ್ಲಿ ಬಹುಮತ ಎಂದೂ ಸಿಕ್ಕಿಲ್ಲ.

ಪಾರ್ವತಿಯವರ ನಂತರ 2024ರ ಚುನಾವಣೆಯವರೆಗೂ ಕೊಯಮತ್ತೂರಿನಿಂದ ಬೇರೊಬ್ಬ ಮಹಿಳೆ ಲೋಕಸಭೆಗೆ ಆಯ್ಕೆಯಾಗಿಲ್ಲ. 2009ರಲ್ಲಿ ಪ್ರತ್ಯೇಕ ಕ್ಷೇತ್ರವಾದ ತಿರುಪ್ಪೂರು 2014ರಲ್ಲಿ ಅಣ್ಣಾ ಡಿಎಂಕೆಯ ವಿ. ಸತ್ಯಭಾಮಾ ಅವರನ್ನು ಆರಿಸಿತು. 2019 ಮತ್ತು 2024ರಲ್ಲಿ ಅಲ್ಲಿ ಗೆದ್ದದ್ದು ಸಿಪಿಐ. ಬನಿಯನ್ ಊರಿನಲ್ಲಿ ಆ ಪಕ್ಷದ ಕಾರ್ಮಿಕ ನೆಲೆ ಇನ್ನೂ ಅಳಿದಿಲ್ಲ, ಮೈತ್ರಿಯ ಆಸರೆಯೂ ತಪ್ಪಿಲ್ಲ. ಲೋಕಸಭೆ ಮತ್ತು ವಿಧಾನಸಭೆಗಳ ಮೂರನೇ ಒಂದರಷ್ಟು ಸ್ಥಾನಗಳನ್ನು ಮಹಿಳೆಯರಿಗೆ ಮೀಸಲಿಡುವ 106ನೇ ಸಂವಿಧಾನ ತಿದ್ದುಪಡಿ 2023ರಲ್ಲಿ ಅಂಗೀಕಾರವಾಯಿತು. ಮಂಗಳೂರಿನ ರಾಧಾಬಾಯಿ ಲಂಡನ್ನಿನಲ್ಲಿ ಮೀಸಲು ಸ್ಥಾನ ಕೇಳಿ ಆಗ 93 ವರ್ಷಗಳಾಗಿದ್ದವು. ಅವರ ಮಗಳು ಕೊಯಮತ್ತೂರಿನಲ್ಲಿ ಗೆದ್ದ ಮೂರೂ ಚುನಾವಣೆಗಳು ಸಾಮಾನ್ಯ ಸ್ಥಾನಕ್ಕೆ ನಡೆದವು.